ಬೀಜಿಂಗ್‌ನ ಲಾಮಾ ಟೆಂಪಲ್‌ಗೆ ಹೋಗ್ತೀರಾ? ಬೆಳಿಗ್ಗೆನೇ ಹೋಗಿ, ಕೊನೇ ಮಂಟಪದವರೆಗೂ ಹೋಗಿ

ಆಫೀಸ್ ಕೆಲಸಕ್ಕೆ ಅಂತ ಬೀಜಿಂಗ್‌ಗೆ ಹೊರಟಿದ್ದೆ. ಬ್ಯಾಗ್ ಎತ್ಕೊಳ್ಳೋವಾಗ ಅಮ್ಮ "ಅಲ್ಲೂ ದೇವಸ್ಥಾನ ಇರತ್ತಲ್ವೇನೋ, ನನ್ ಮಂಡಿ ಆಪರೇಷನ್ ಚೆನ್ನಾಗಾಗ್ಲಿ ಅಂತ ಒಂದ್ಸಲ ಕೈ ಮುಗ್ದು ಬಾ" ಅಂದ್ರು. ಅಲ್ಲಿ ನಂಗೆ ಸಿಕ್ಕಿದ್ದು ಒಂದೇ ದಿನ ರಜ, ಅದ್ರಲ್ಲಿ ಗ್ರೇಟ್ ವಾಲ್ ಬಿಟ್ಟು ಯೊಂಗ್‌ಹೆಗೊಂಗ್‌ಗೆ ಹೋದೆ, ಲಾಮಾ ಟೆಂಪಲ್ ಅಂತಾರಲ್ಲ ಅದೇ. ಒಂಚೂರೂ ಬೇಜಾರಾಗ್ಲಿಲ್ಲ.

ಮೊದ್ಲು ಇಲ್ಲಿಂದಲೇ ಮಾಡ್ಕೊಂಡು ಹೋಗ್ಬೇಕಾದ ಕೆಲಸ. ಫೋನಲ್ಲಿ ಅಲಿಪೇ ಹಾಕ್ಕೊಂಡು ನಿಮ್ಮ ಕಾರ್ಡ್ ಲಿಂಕ್ ಮಾಡಿ, ಅಲ್ಲಿ ಸಣ್ಣ ಅಂಗಡಿಯಿಂದ ಹಿಡಿದು ಎಲ್ಲಾ ಕಡೆ ಸ್ಕ್ಯಾನೇ. ಗೂಗಲ್ ಮ್ಯಾಪ್ಸ್ ನಂಬ್ಕೊಂಡು ಹೋಗ್ಬೇಡಿ. ಪಾಸ್‌ಪೋರ್ಟ್ ಕೈಯಲ್ಲೇ ಇರ್ಲಿ, ಟಿಕೆಟ್‌ಗೆ ಬೇಕು. ನಾನು ಹೋದಾಗ 25 ಯುವಾನ್ ಇತ್ತು. ಮೆಟ್ರೋ 2ನೇ ಅಥವಾ 5ನೇ ಲೈನ್ ಹಿಡಿದ್ರೆ ಸ್ಟೇಷನ್ ಹೆಸರೇ ಯೊಂಗ್‌ಹೆಗೊಂಗ್, ಆದ್ರೆ ಸ್ಟೇಷನ್ ಇರೋದು ದೇವಸ್ಥಾನದ ಹಿಂದ್ಗಡೆ, ಬಾಗಿಲು ದಕ್ಷಿಣಕ್ಕೆ, ಹಾಗಾಗಿ ಕೆಂಪು ಗೋಡೆ ಪಕ್ಕದಲ್ಲೇ ಸ್ವಲ್ಪ ದೂರ ನಡೀಬೇಕು. ಆ ದಾರಿ ತುಂಬಾ ಊದುಬತ್ತಿ ಅಂಗಡಿಗಳು, ಕೂಗಿ ಕೂಗಿ ಕರೀತಾರೆ. ತಗೋಬೇಡಿ, ಒಳಗೆ ಹೋಗ್ತಿದ್ದಂಗೆ ಫ್ರೀಯಾಗೇ ಕೊಡ್ತಾರೆ. ನಾನು ಗೊತ್ತಿಲ್ದೆ ಒಂದು ದೊಡ್ಡ ಕಟ್ಟು ತಗೊಂಡು ದುಡ್ಡು ಕಳ್ಕೊಂಡೆ.

ಇನ್ನೊಂದು, ದಿನ ನೋಡ್ಕೊಂಡು ಹೋಗಿ. ಚೀನೀ ತಿಂಗಳ 1 ಮತ್ತು 15ನೇ ದಿನ, ಅಂದ್ರೆ ಹೆಚ್ಚುಕಮ್ಮಿ ನಮ್ಮ ಅಮಾವಾಸ್ಯೆ ಹುಣ್ಣಿಮೆ, ಅವತ್ತು ವಿಪರೀತ ಜನ. ಮನೇಲಿರೋ ಕ್ಯಾಲೆಂಡರ್ ನೋಡಿದ್ರೇ ಗೊತ್ತಾಗತ್ತೆ. ವಾರದ ಮಧ್ಯೆ, ಬೆಳಿಗ್ಗೆ 9ಕ್ಕೆ ಬಾಗಿಲು ತೆಗೆಯೋ ಹೊತ್ತಿಗೆ ಅಲ್ಲಿರಿ.

ಈ ಜಾಗ ಮೊದಲು ದೇವಸ್ಥಾನನೇ ಅಲ್ಲ, 1694ರಲ್ಲಿ ಒಬ್ಬ ರಾಜಕುಮಾರನಿಗೆ ಅಂತ ಕಟ್ಟಿದ ಅರಮನೆ. ಅವನೇ ಆಮೇಲೆ ಯೊಂಗ್‌ಜೆಂಗ್ ಚಕ್ರವರ್ತಿ ಆಗಿದ್ದು. ಅವನ ಮಗ ಚಿಯೆನ್‌ಲೊಂಗ್ 1744ರಲ್ಲಿ ಇದನ್ನ ಟಿಬೆಟನ್ ಬೌದ್ಧ ಮಠ ಮಾಡಿದ. ಅದಕ್ಕೇ ಹಳದಿ ಹೆಂಚು, ಅರಮನೆ ಥರದ್ದೇ ಅಂಗಳ ಆದ್ಮೇಲೆ ಅಂಗಳ. ಬೈಲಕುಪ್ಪೆ ನೋಡಿರೋರಿಗೆ ಒಳಗೆ ಹೋದ್ರೆ ಪರಕೀಯ ಅನ್ಸಲ್ಲ, ಅಲ್ಲಿನ ಸೆರಾ ಮಠದವರು ಪೂಜಿಸೋ ಗುರು ಸೋಂಗ್‌ಖಾಪಾನೇ ಇಲ್ಲಿ 6.1 ಮೀಟರ್ ಎತ್ತರದ ಮೂರ್ತಿಯಾಗಿ ಕೂತಿದ್ದಾರೆ.

ಬೇಡ್ಕೊಳ್ಳೋ ಕ್ರಮ ಹೀಗೆ. ಮೂರು ಊದುಬತ್ತಿ ಹೊರಗಡೆ ಅಂಗಳದಲ್ಲೇ ಹಚ್ಕೊಳ್ಳಿ, ಉರಿ ಬಂದ್ರೆ ಬಾಯಲ್ಲಿ ಊದ್ಬೇಡಿ, ಕೈ ಬೀಸಿ ಆರಿಸಿ. ಎರಡೂ ಕೈಲಿ ಹಿಡ್ಕೊಂಡು ಹಣೆಗೆ ತಾಗೋ ಹಾಗೆ ಎತ್ತಿ ಗುಡಿ ಕಡೆ ತಿರುಗಿ ಮೂರು ಸಲ ಬಗ್ಗಿ, ಆಮೇಲೆ ಧೂಪದ ಪಾತ್ರೆಗೆ ಹಾಕಿ. ಒಳಗೆ ಮಂಡಿಯೂರೋಕೆ ದಿಂಬು ಇಟ್ಟಿರ್ತಾರೆ. ಒಳಗೆ ಫೋಟೋ ಬೇಡ. ಹೊಸ್ತಿಲು ತುಳೀಬಾರ್ದು, ದಾಟ್ಬೇಕು, ಇದನ್ನ ನಮ್ಮೋರಿಗೆ ಹೇಳ್ಕೊಡ್ಬೇಕಾಗಿಲ್ಲ ಬಿಡಿ.

ಜನ ಜಾಸ್ತಿ ನಿಲ್ಲೋದು ಮುಂದಿನ ದೊಡ್ಡ ಹಾಲಲ್ಲಿ, ಭೂತ ವರ್ತಮಾನ ಭವಿಷ್ಯ ಮೂರು ಕಾಲದ ಬುದ್ಧರ ಮುಂದೆ. ಆರೋಗ್ಯಕ್ಕೆ ಬೇಡ್ಕೊಳ್ಳೋರು ಅದರ ಹಿಂದಿನ ಯೊಂಗ್‌ಯೋ ಹಾಲ್ ಬಿಡ್ಬೇಡಿ, ಅಲ್ಲಿ ದೀರ್ಘಾಯುಷ್ಯದ ಬುದ್ಧ ಅಮಿತಾಯುಸ್ ಜೊತೆಗೆ ಔಷಧಿ ಬುದ್ಧ, ನಮ್ಮ ಸಂಸ್ಕೃತದ ಭೈಷಜ್ಯಗುರು, ಇದ್ದಾನೆ. ನನ್ನ ಪಕ್ಕ ಒಬ್ಬ ಅಜ್ಜಿ ಆಸ್ಪತ್ರೆ ಫೈಲ್ ಕಂಕುಳಲ್ಲಿ ಇಟ್ಕೊಂಡೇ ಮಂಡಿಯೂರಿದ್ರು. ನಾನೂ ಅಲ್ಲೇ ಕೂತೆ, ಅಮ್ಮನ ಹೆಸ್ರು, ನಕ್ಷತ್ರ ಎಲ್ಲಾ ಹೇಳಿ ಕನ್ನಡದಲ್ಲೇ ಬೇಡ್ಕೊಂಡೆ.

ಸುಮಾರು ಜನ ಸುಸ್ತಾಗಿ ಇಲ್ಲಿಂದಲೇ ವಾಪಸ್ ಹೋಗ್ತಾರೆ, ದಯವಿಟ್ಟು ಹಾಗ್ಮಾಡ್ಬೇಡಿ. ಕೊನೇಲಿರೋ ವಾನ್‌ಫುಗ, ಅಂದ್ರೆ ಹತ್ತು ಸಾವಿರ ಭಾಗ್ಯಗಳ ಮಂಟಪ, ಅದರೊಳಗೆ ನೆಲದಿಂದ 18 ಮೀಟರ್ ಎತ್ತರಕ್ಕೆ ಮೈತ್ರೇಯ, ಅಂದ್ರೆ ಮುಂದೆ ಬರೋ ಬುದ್ಧ, ನಿಂತಿದ್ದಾನೆ, ಇನ್ನೂ 8 ಮೀಟರ್ ನೆಲದೊಳಗಿದೆ, ಪೂರ್ತಿ ಒಂದೇ ಬಿಳಿ ಗಂಧದ ಮರದಲ್ಲಿ ಕೆತ್ತಿದ್ದು. ಏಳನೇ ದಲಾಯಿ ಲಾಮಾ ಚಿಯೆನ್‌ಲೊಂಗ್ ಚಕ್ರವರ್ತಿಗೆ ಕೊಟ್ಟ ಕಾಣಿಕೆ. ಮೈಸೂರಲ್ಲಿ ಹುಟ್ಟಿ ಗಂಧದ ಕೊರಡು ತೇಯೋದನ್ನ ನೋಡ್ಕೊಂಡೇ ಬೆಳೆದ ನಂಗೆ ಅಷ್ಟು ದೊಡ್ಡ ಗಂಧದ ಮರ ಇರತ್ತೆ ಅಂತ ಊಹೆನೂ ಇರ್ಲಿಲ್ಲ, ಕತ್ತೆತ್ತಿ ನೋಡ್ತಾ ಕಣ್ಣಲ್ಲಿ ನೀರು ಬಂತು.

ಜಪಮಣಿ ಬ್ರೇಸ್‌ಲೆಟ್ ಬೇಕಿದ್ರೆ ಒಳಗಿನ ಅಂಗಡೀಲೇ ತಗೊಳ್ಳಿ, ಕ್ಯೂ ಉದ್ದ ಇರತ್ತೆ, ಅದಕ್ಕೇ ಟೈಮ್ ಇಟ್ಕೊಳ್ಳಿ. ಮಕ್ಕಳ ಪರೀಕ್ಷೆಗೆ ಬೇಡ್ಕೊಳ್ಳೋದಿದ್ರೆ ರಸ್ತೆ ಆಚೆ ಗಲ್ಲೀಲಿ ಚೀನಾದ ವಿದ್ಯಾಗುರು ಕನ್‌ಫ್ಯೂಷಿಯಸ್‌ನ 1302ರ ದೇವಸ್ಥಾನ ಇದೆ, ನಡ್ಕೊಂಡೇ ಹೋಗಬಹುದು. ಊಟಕ್ಕೆ ಸಸ್ಯಾಹಾರಿಗಳು "ವೋ ಚ್ರ್ ಸೂ" ಅನ್ನಿ, ನಾನು ಸೊಪ್ಪು ತರಕಾರಿ ತಿನ್ನೋನು ಅಂತ ಅರ್ಥ, ಅದನ್ನೇ ಚೀನೀ ಅಕ್ಷರದಲ್ಲಿ ಫೋನಲ್ಲೂ ಬರೆದಿಟ್ಕೊಳ್ಳಿ.

ಅಮ್ಮನಿಗೆ ಒಂದು ಬ್ರೇಸ್‌ಲೆಟ್ ತಂದಿದ್ದೆ. ಆಪರೇಷನ್‌ಗೆ ಹೋಗೋವಾಗ ನರ್ಸ್ ಬಿಚ್ಚಿಸಿದ್ರು, ವಾರ್ಡಿಗೆ ಬಂದ ತಕ್ಷಣ ಕೇಳಿ ಹಾಕ್ಕೊಂಡ್ರು.