ಹಳ್ಳದ ಉಸುಕಿನ್ಯಾಗ ಜಿರ್ಕಾನ್

ದೀಪಾವಳಿಗೆ ಊರಿಗೆ ಹೋದಾಗ ಮಸ್ಕಿ ಕಡೆ ಹಳ್ಳದಿಂದ ಒಂದು ಚೀಲ ಉಸುಕು ತಂದಿದ್ದೆ. ಅವ್ವ ನೋಡಿ "ಏನೋ ಇದು, ಏನ್ ಮಾಡ್ತಿ ಇದನ್ನ" ಅಂದ್ಲು, ಜಾಲಿಸ್ಬೇಕು ಅಂದೆ, ತಡಿ ಅಂತ ಅಕ್ಕಿ ಜಾಲಿಸೋ ಬೋಗೋಣಿನೇ ತಂದು ಕುಂತ್ಲು. ಅವಳ ಕೈ ನೋಡ್ಬೇಕಿತ್ತು ನೀವು, ನೀರು ತುಂಬಿ ಸಣ್ಣಗ ತಿರುವ್ತಾ ತಿರುವ್ತಾ ಬಿಳಿ ಉಸುಕೆಲ್ಲಾ ಅಂಚಿನಿಂದ ಹೊರಗ ಹೋಗಿ ಕೊನಿಗೆ ತಳದಾಗ ಒಂದು ಚಮಚ ಕರಿ ಪುಡಿ ಉಳೀತು. ಹಿಂದಕ ಬಂಗಾರದ ಪುಡಿ ತೆಗೀತಿದ್ದ ಜಾಲಗಾರರ ಕೆಲಸಾನೂ ಇದೇ, ಭಾರ ಇದ್ದದ್ದು ತಳಕ್ಕ ಕೂಡ್ತದ.

ಕರಿದೆಲ್ಲಾ ಅಯಸ್ಕಾಂತಕ್ಕ ಅಂಟ್ಕೊಂಡು ಹೋತು. ಉಳಿದದ್ರ ಮ್ಯಾಲೆ ರಾತ್ರಿ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಬಿಟ್ರೆ ಅಲ್ಲಲ್ಲಿ ಹಳದಿ ಚುಕ್ಕಿ. ಜಿರ್ಕಾನ್! ಕಲ್ಲಿನ ವಯಸ್ಸು ಹೇಳೋ ಖನಿಜದ ಹರಳು ಇದು, ಒಂದೊಂದು ಕಾಳು ಮಿಲಿಮೀಟರಿನ ಹತ್ತನೇ ಒಂದು ಭಾಗ ಇದ್ರೆ ಹೆಚ್ಚು.

ಹಟ್ಟಿ-ಮಸ್ಕಿ ಪಟ್ಟಿಯ ಕರಿ ಕಲ್ಲು ಒಂದು ಕಾಲಕ್ಕ ನೀರಿನ ಕೆಳಗ ಹರಿದ ಲಾವಾ, ಆಮ್ಯಾಲೆ ಕಾವು ಒತ್ತಡದಾಗ ಬದಲಾಗೈತಿ. ಆದ್ರ ಇಂಥ ಲಾವಾದಾಗ ಸಿಲಿಕಾ ಕಡಿಮಿ, ಜಿರ್ಕಾನ್ ಬೆಳೆಯೋದು ಅಪರೂಪ. ಅದಕ್ಕ ಅದರ ಜೋಡಿ ಇರೋ ತಿಳಿ ಬಣ್ಣದ ಜ್ವಾಲಾಮುಖಿ ಕಲ್ಲು, ಗ್ರಾನೈಟ್ ಹುಡುಕ್ಬೇಕು, ಇಲ್ಲಾ ಹಳ್ಳದ ಉಸುಕು.

ಜಿರ್ಕಾನ್ ಹುಟ್ಟೋವಾಗ ಯುರೇನಿಯಂ ಒಳಗ ಬಿಟ್ಕೊಳ್ತದ, ಸೀಸ ಹತ್ರ ಸೇರಿಸಲ್ಲ. ಆ ಯುರೇನಿಯಂ ಕಾಲ ಕಳೆದಂಗ ತಾನೇ ಸೀಸ ಆಗ್ತದ. ಹಂಗಾಗಿ ಈಗ ಒಳಗಿರೋ ಸೀಸ ಬಹುತೇಕ ಅಲ್ಲೇ ಹುಟ್ಟಿದ್ದು. ಯುರೇನಿಯಂದಾಗ ಎರಡು ಬಗೆ, ಯುರೇನಿಯಂ-238 ಅರ್ಧ ಆಗೋಕೆ ಸುಮಾರು 447 ಕೋಟಿ ವರ್ಷ, 235ಕ್ಕ ಸುಮಾರು 70 ಕೋಟಿ, ಒಂದೇ ಕಾಳಿನ್ಯಾಗ ಎರಡು ಗಡಿಯಾರ, ಎರಡೂ ಒಂದೇ ಟೈಮ್ ಹೇಳಿದ್ರ ನಂಬಬಹುದು.

ಆದ್ರ ವಯಸ್ಸು ಗೊತ್ತಾದ್ರೆ ಕೆಲಸ ಮುಗೀತು ಅನ್ನೋರ ಜೋಡಿ ನನ್ನ ತಕರಾರು ಐತಿ. ಮುಂಜಾನೆ ಬಿಸಿ ರೊಟ್ಟಿ ಬಡಿದಿದ್ದೂ ಅಡಿಗಿನೇ, ನಿನ್ನಿ ರೊಟ್ಟಿ ಮುರಿದು ಒಗ್ಗರಣಿ ಹಾಕಿದ್ದೂ ಅಡಿಗಿನೇ, ಒಲಿಯಿಂದ ಇಳಿಸಿದ ಟೈಮ್ ಒಂದೇ ಇದ್ರೂ ಎರಡೂ ಒಂದೇನು? ಹಂಗೇ ಒಂದು ಕಾಳು ಭೂಮಿ ಆಳದಿಂದ ಹೊಸದಾಗಿ ಬಂದ ಮ್ಯಾಗ್ಮಾದಾಗ ಬೆಳೆದಿರ್ತದ, ಇನ್ನೊಂದು ಹಳೇ ಭೂತೊಗಟೆ ಮತ್ತೆ ಕರಗಿದ್ರಾಗ. ಇದನ್ನ ಬಿಡಿಸಿ ಹೇಳೋದು ಜಿರ್ಕಾನ್ ಒಳಗಿರೋ ಹ್ಯಾಫ್ನಿಯಂ ಅನ್ನೋ ಲೋಹ. ಲುಟೇಶಿಯಂ-176 ಅನ್ನೋ ಇನ್ನೊಂದು ಲೋಹ ಭಾಳ ನಿಧಾನ ಹ್ಯಾಫ್ನಿಯಂ-176 ಆಗ್ತದ, ತೊಗಟೆ ಕೆಳಗಿನ ಮ್ಯಾಂಟಲ್‌ನಾಗ ಲುಟೇಶಿಯಂ ಪಾಲು ಜಾಸ್ತಿ, ಹಳೇ ತೊಗಟೆದಾಗ ಕಡಿಮಿ. ಹಂಗಾಗಿ ಕಾಳಿನ್ಯಾಗ ಹ್ಯಾಫ್ನಿಯಂ-176 ಪಾಲು ಜಾಸ್ತಿ ಇದ್ರ ಹೊಸ ಮ್ಯಾಗ್ಮಾ, ಕಡಿಮಿ ಇದ್ರ ಹಳೇ ತೊಗಟೆ. ಜಿರ್ಕಾನ್ ತಾನು ಹುಟ್ಟಿದಾಗಿನ ಹ್ಯಾಫ್ನಿಯಂ ಲೆಕ್ಕ ಹೆಚ್ಚು ಕೆಡಿಸದೆ ಇಟ್ಕೊಂಡಿರ್ತದ. ನಮ್ಮ ಕಡೆ ಹಾದು ಹೋಗೋ ಕ್ಲೋಸ್‌ಪೇಟ್ ಗ್ರಾನೈಟಿಗೆ ಸುಮಾರು 252 ಕೋಟಿ ವರ್ಷ, ಅದರಾಗ ಹೊಸಾದೂ ಹಳೇದೂ ಎರಡೂ ಬೆರತಾವ.

ಆಕ್ಸಿಜನ್ನೂ ಸಾಕ್ಷಿನೇ. ನೀರು ತಾಗಿ ಬದಲಾದ ಕಲ್ಲು ಕರಗಿ ಹುಟ್ಟಿದ ಕಾಳಿನ್ಯಾಗ ಭಾರದ ಬಗೆಯ ಆಕ್ಸಿಜನ್ ಪಾಲು ಜಾಸ್ತಿ ಇರ್ತದ. ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ದಾಗ ಸುಮಾರು 440 ಕೋಟಿ ವರ್ಷದ ಕಾಳು ಸಿಕ್ಕೈತಿ, ಅಲ್ಲಿನ ಹಳೇ ಕಾಳುಗಳ ಆಕ್ಸಿಜನ್ ನೋಡೇ ಅಷ್ಟು ಹಿಂದನೂ ನೀರಿತ್ತು ಅಂತ 2001ರಾಗ ವಾದ ಶುರುವಾಗಿದ್ದು.

ಸೂಜಿ ತುದಿ ಒದ್ದಿ ಮಾಡಿ ಹನ್ನೊಂದು ಕಾಳು ಎತ್ತೀನಿ. ಅವ್ವ ತನ್ನ ಕುಂಕುಮದ ಡಬ್ಬಿ ತೊಳೆದು ಕೊಟ್ಲು, ಮ್ಯಾಲೆ ಹಳ್ಳದ ಹೆಸರು ಬರೀ ಅಂತ ಅವಳೇ ನೆನಪು ಮಾಡಿದ್ಲು.