ಮೂರನೆಯ ವರ್ಷದ ಲೆಕ್ಕ

ನವೆಂಬರ್ 28, 2022, ಸೋಮವಾರ
ಲಿಂಕನ್, ನೆಬ್ರಾಸ್ಕ

ರಾತ್ರಿ ಹತ್ತೂವರೆ ಆಯಿತು. ಎದುರು ಮನೆಯ ಅಜ್ಜನ ಹಜಾರದಲ್ಲಿ ದೀಪ ಇನ್ನೂ ಉರಿಯುತ್ತಿದೆ. ಒಂಬತ್ತಕ್ಕೆಲ್ಲ ಮಲಗಿಬಿಡುವ ಮನುಷ್ಯ ಅವರು. ಸಂಜೆ ನಾನು ಆಡಿದ ಮಾತು ಅವರ ನಿದ್ದೆ ಕೆಡಿಸಿತೇನೋ ಎಂಬ ಅಳುಕು ಬಿಡುತ್ತಿಲ್ಲ. ಅದಕ್ಕೇ ಬರೆಯಲು ಕುಳಿತೆ.

ಶನಿವಾರ ನೆಬ್ರಾಸ್ಕ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದ ಹೊಸ ಕೋಚ್ ಹೆಸರು ಹೊರಬಿದ್ದಾಗಿನಿಂದ ಊರಿಗೆ ಊರೇ ಒಂದೇ ಮಾತಿನಲ್ಲಿದೆ. ಮ್ಯಾಟ್ ರೂಲ್. ಎಂಟು ವರ್ಷದ ಒಪ್ಪಂದ, 7 ಕೋಟಿ 40 ಲಕ್ಷ ಡಾಲರ್. ಇಂದು ಅವರ ಮೊದಲ ಪತ್ರಿಕಾಗೋಷ್ಠಿ ಇತ್ತು. ಲ್ಯಾಬಿನಲ್ಲಿ ಕೆಲಸ ಬಿಟ್ಟು ಎಲ್ಲರೂ ಒಂದೇ ಪರದೆಯ ಮುಂದೆ ನೆರೆದೆವು. ನಮ್ಮಲ್ಲಿ ಯಾರೂ ಜೋರಾಗಿ ಸಂತೋಷಪಡಲಿಲ್ಲ, ಯಾರೂ ಗೊಣಗಲೂ ಇಲ್ಲ. ಈ ಸೆಪ್ಟೆಂಬರಿನಲ್ಲಿ ತೆಗೆದುಹಾಕಿದ ಹಿಂದಿನ ಕೋಚ್ ಸ್ಕಾಟ್ ಫ್ರಾಸ್ಟ್ ಐದು ವರ್ಷದ ಹಿಂದೆ ಬಂದಾಗ ಹೀಗಿರಲಿಲ್ಲ. ಆಗ ಇದೇ ಕೋಣೆಯಲ್ಲಿ ಕೇಕ್ ಕತ್ತರಿಸಿದ್ದೆವು.

ಗ್ರ್ಯಾಂಡ್ ಐಲೆಂಡ್ ಕಡೆಯಿಂದ ಬಂದ ನಮ್ಮ ಸಹೋದ್ಯೋಗಿಗೆ ಮಾತ್ರ ಬೇಸರ. ಸೆಪ್ಟೆಂಬರಿನಿಂದ ತಾತ್ಕಾಲಿಕವಾಗಿ ತಂಡ ನಡೆಸಿದ ಮಿಕ್ಕಿ ಜೋಸೆಫ್ ಅವರನ್ನೇ ಮುಂದುವರಿಸಬೇಕಿತ್ತು, ಹುಡುಗರು ಅವರ ಮಾತು ಕೇಳುತ್ತಿದ್ದರು ಎಂಬುದು ಅವನ ವಾದ. ಟೆಕ್ಸಾಸಿನಿಂದ ಬಂದ ವಿದ್ಯಾರ್ಥಿನಿಗೆ ಬೇಲರ್ ವಿಶ್ವವಿದ್ಯಾಲಯದ ನೆನಪು: 2017ರಲ್ಲಿ ಹನ್ನೆರಡರಲ್ಲಿ ಒಂದೇ ಒಂದು ಆಟ ಗೆದ್ದ ತಂಡ, 2019ರಲ್ಲಿ ರೂಲ್ ಕೈಯಲ್ಲೇ ಹನ್ನೊಂದು ಗೆದ್ದಿತು. ಮನೆಗೆ ಬಂದರೆ ಇವರದು ದುಡ್ಡಿನ ಲೆಕ್ಕ. ಫ್ರಾಸ್ಟ್ ಅವರನ್ನು ಅಕ್ಟೋಬರ್ 1ರವರೆಗೆ ಇಟ್ಟುಕೊಂಡಿದ್ದರೆ ಪರಿಹಾರದ ಮೊತ್ತ ಅರ್ಧಕ್ಕೆ ಇಳಿಯುತ್ತಿತ್ತು. ಮೂರು ವಾರ ತಾಳಲಾರದೆ ಒಂದೂವರೆ ಕೋಟಿ ಡಾಲರ್ ತೆತ್ತರು. ಈಗ ವೃತ್ತಿಪರ ಲೀಗಿನಲ್ಲಿ ಕೆರೊಲಿನಾ ಪ್ಯಾಂಥರ್ಸ್ ತಂಡಕ್ಕೆ 11 ಗೆಲುವು, 27 ಸೋಲು ತಂದು ಕಳೆದ ತಿಂಗಳಷ್ಟೇ ಕೆಲಸ ಕಳೆದುಕೊಂಡವರಿಗೆ ಅದರ ಐದು ಪಟ್ಟು! ಹೀಗೆಂದು ಊಟ ಮುಗಿಯುವವರೆಗೂ ಹೇಳುತ್ತಲೇ ಇದ್ದರು. ಮಗಳಿಗೆ ಇದ್ಯಾವುದೂ ಬೇಡ. ಅವಳ ಪಾಲಿಗೆ ಈ ವಿಶ್ವವಿದ್ಯಾಲಯ ಎಂದರೆ ವಾಲಿಬಾಲ್, ಐದು ರಾಷ್ಟ್ರೀಯ ಪ್ರಶಸ್ತಿ, ಜಾನ್ ಕುಕ್. 2000ದಿಂದ ಒಬ್ಬರೇ ಕೋಚ್. ಅದನ್ನು ಕೇಳಿದಾಗಲೆಲ್ಲ ನನಗೆ ಹೊಟ್ಟೆಯುರಿಯುತ್ತದೆ. ಒಂದೇ ಆವರಣ, ಒಂದೇ ಕೆಂಪು ಬಣ್ಣ. ಅಲ್ಲಿ ಇರುವ ತಾಳ್ಮೆ ಇಲ್ಲೇಕೆ ಇಲ್ಲ?

ನಿನ್ನೆ ಅವ್ವ ಧಾರವಾಡದಿಂದ ಫೋನ್ ಮಾಡಿದ್ದಳು. ತಂಡದ ಹೆಸರು ಕಾರ್ನ್‌ಹಸ್ಕರ್ಸ್ ಎಂದರೆ ಗೋವಿನಜೋಳದ ತೆನೆ ಸುಲಿಯುವವರು ಎಂದು ಹಿಂದೆಂದೋ ಹೇಳಿದ್ದೆ. ಅಂದಿನಿಂದ ಅವಳಿಗೆ ಅವರು ನಮ್ಮ ಮಂದಿಯೇ. ಹೊಸ ಕೋಚ್ ಬಂದ ಸುದ್ದಿ ಹೇಳಿದೆ. 1997ರಲ್ಲಿ ಟಾಮ್ ಆಸ್ಬೋರ್ನ್ ಬಿಟ್ಟ ಮೇಲೆ ಇವರು ಆರನೆಯವರು ಎಂದೆ. ಒಂಬತ್ತು ಆಟ ಗೆದ್ದ ವರ್ಷವೂ ಸಾಲದು ಎಂದು ಕಳಿಸಿದ್ದಾರೆ, 2003ರಲ್ಲಿ ಒಬ್ಬರನ್ನು, 2014ರಲ್ಲಿ ಇನ್ನೊಬ್ಬರನ್ನು. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಲೆಯಿಂದ ಹಾಗೆ ಕಟ್ಟಿಗೆ ಎಳೆಯುತ್ತಿದ್ದರೆ ಅನ್ನ ಬೇಯುವುದು ಯಾವಾಗ?” ಎಂದಳು. ನನಗೆ ಅದು ಪರಮಸತ್ಯವೆನಿಸಿತು. ಸಂಜೆ ಅದನ್ನೇ ಹೊತ್ತುಕೊಂಡು ರಸ್ತೆ ದಾಟಿದೆ.

ಅಜ್ಜನ ಪಾತ್ರೆ ಹಿಂದಿರುಗಿಸುವುದಿತ್ತು. ಅಜ್ಜಿ ಹೋದ ಮೇಲೆ ಇದು ಮೊದಲ ಥ್ಯಾಂಕ್ಸ್‌ಗಿವಿಂಗ್. ಆದರೂ ಸಿಹಿಗುಂಬಳದ ಕಡುಬು ತಾವೇ ಮಾಡಿ ಕಳಿಸಿದ್ದರು. ಖಾಲಿ ಪಾತ್ರೆ ಕೊಡಬಾರದೆಂದು ಗೋಧಿ ಹುಗ್ಗಿ ಹಾಕಿಕೊಂಡು ಹೋಗಿದ್ದೆ. ಅವರು ಅಡುಗೆಮನೆಯ ಮೇಜಿನ ಮುಂದೆ ಕುಳಿತಿದ್ದರು. ಎದುರಿಗೆ ಒಂದು ಹಾಳೆ, ಅದರ ಮೇಲೆ ಪೆನ್ಸಿಲ್ಲಿನಲ್ಲಿ ವರ್ಷಗಳು.

ಶುಕ್ರವಾರದ ಆಟವನ್ನು ನಾವೆಲ್ಲ ಅವರ ಮನೆಯಲ್ಲೇ ನೋಡಿದ್ದು. ಅಯೋವಾ ವಿರುದ್ಧ, ಅವರ ನೆಲದಲ್ಲಿ. ನಮ್ಮವರು 24–0 ಮುಂದಿದ್ದರು. ಟ್ರೇ ಪಾಮರ್ ಓಡುವುದನ್ನು ನೋಡಿ ಇವರೂ ಕುರ್ಚಿಯಿಂದ ಎದ್ದಿದ್ದರು. ಆಮೇಲೆ ಅಯೋವಾದವರು ಒಂದೊಂದಾಗಿ ಗಳಿಸುತ್ತಾ 17ಕ್ಕೆ ಬಂದರು. ಅಷ್ಟರಲ್ಲಿ ಅಜ್ಜ ಮಾತಿಲ್ಲದೆ ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ತೊಳೆದ ಲೋಟಗಳನ್ನೇ ಮತ್ತೆ ತೊಳೆಯತೊಡಗಿದರು. ಏಕೆಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹೋದ ವರ್ಷ ಒಂಬತ್ತು ಆಟ ಸೋತೆವು, ಒಂಬತ್ತೂ ಒಂಬತ್ತು ಅಂಕಗಳೊಳಗೆ. ಈ ವರ್ಷ ಡಬ್ಲಿನ್‌ನಲ್ಲಿ 28–17 ಮುಂದಿದ್ದಾಗ ಚೆಂಡನ್ನು ಮತ್ತೆ ನಾವೇ ಹಿಡಿಯುವ ಆಸೆಗೆ ಅನಗತ್ಯವಾಗಿ ಗಿಡ್ಡ ಒದೆತ ಒದ್ದು ಅದನ್ನು ಕಳೆದುಕೊಂಡು 31–28ಕ್ಕೆ ಸೋತೆವು. ಕೊನೆಯ ಹತ್ತು ನಿಮಿಷ ಈ ಊರಿನವರ ಎದೆಯಲ್ಲಿ ಏನಾಗುತ್ತದೆ ಎಂದು ನನಗೆ ಗೊತ್ತು, ನನಗೂ ಆಗುತ್ತದೆ. ಶುಕ್ರವಾರ ಗೆದ್ದೆವು. 2014ರ ನಂತರ ಅಯೋವಾ ಮೇಲೆ ಮೊದಲ ಗೆಲುವು. ಅಜ್ಜ ಕೈ ಒರೆಸಿಕೊಂಡು ಬಂದು, “ಹೋದ ಸಲ ಅಲ್ಲಿ ಗೆದ್ದ ಎರಡು ದಿನಕ್ಕೆ ಕೋಚನ್ನು ತೆಗೆದುಹಾಕಿದ್ದರು” ಎಂದಷ್ಟೇ ಹೇಳಿದ್ದರು. ಈ ಸಲ ಮರುದಿನವೇ ಹೊಸಬರು ಬಂದರು.

ಇಂದು ಹುಗ್ಗಿ ಬಡಿಸುತ್ತಾ, ರೂಲ್ ಬಗ್ಗೆ ಏನನ್ನಿಸುತ್ತದೆ ಎಂದು ಕೇಳಿದೆ.

“ಒಳ್ಳೆಯವನಂತೆ ಕಾಣುತ್ತಾನೆ. ಪೆನ್ ಸ್ಟೇಟಿನಲ್ಲಿ ವಾಕ್‌ಆನ್ ಆಗಿ ಆಡಿದವನು” ಎಂದರು. ವಿದ್ಯಾರ್ಥಿವೇತನವಿಲ್ಲದೆ, ಕರೆಯದೇ ಬಂದು ತಂಡ ಸೇರುವ ಹುಡುಗರೆಂದರೆ ಇಲ್ಲಿನವರಿಗೆ ಜೀವ. ಸಣ್ಣ ಸಣ್ಣ ಊರುಗಳಿಂದ ಬಂದ ಅಂಥ ರೈತರ ಮಕ್ಕಳ ಮೇಲೆಯೇ ಈ ತಂಡ ನಿಂತಿತ್ತು ಎಂದು ಅವರು ನೂರು ಸಲ ಹೇಳಿದ್ದಾರೆ. “ಈಗ ಅದೊಂದರಿಂದಲೇ ನಡೆಯುವುದಿಲ್ಲ. ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಬಯಸುವ ಆಟಗಾರರು ಹೆಸರು ಕೊಡುವ ಟ್ರಾನ್ಸ್‌ಫರ್ ಪೋರ್ಟಲ್ ಮುಂದಿನ ವಾರ ತೆರೆಯುತ್ತದೆ. ಯಾರು ಉಳಿಯುತ್ತಾರೋ, ಯಾರು ಹೋಗುತ್ತಾರೋ. ಹುಡುಗರಿಗೆ ದುಡ್ಡು ಸಿಗುವುದು ತಪ್ಪಲ್ಲ, ಸಿಗಲಿ. ಆದರೆ ಹೆಸರು ಕಲಿಯುವಷ್ಟರಲ್ಲಿ ಹೊರಟುಬಿಡುತ್ತಾರೆ.”

ಹೊರಗಿನವನು ಎಂಬುದು ನಿಮಗೆ ಅಡ್ಡಿಯಿಲ್ಲವೇ ಎಂದೆ. ಫ್ರಾಸ್ಟ್ ನಮ್ಮದೇ ವುಡ್ ರಿವರ್ ಊರಿನ ಹುಡುಗ, 1997ರ ರಾಷ್ಟ್ರೀಯ ಪ್ರಶಸ್ತಿ ಗೆದ್ದ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಮೈದಾನದಲ್ಲಿ ದಾಳಿ ನಡೆಸುವ ಆಟಗಾರ. ಮನೆಯ ಮಗನೇ 16 ಗೆದ್ದು 31 ಸೋತು ಹೋದ ಮೇಲೆ ಒಳಗಿನವರು ಹೊರಗಿನವರು ಎಂಬ ಮಾತು ಉಳಿದಿಲ್ಲ ಎಂದು ಅನೇಕರು ಹೇಳುತ್ತಿದ್ದಾರೆ. ಅಜ್ಜ ನಕ್ಕರು. “1962ರಲ್ಲಿ ಬಾಬ್ ಡೆವಾನಿ ವಯೋಮಿಂಗಿನಿಂದ ಕೋಚ್ ಆಗಿ ಬಂದಾಗಲೂ ಅವನು ಯಾರೆಂದು ನಮಗೆ ಗೊತ್ತಿರಲಿಲ್ಲ. ನನಗೆ ಹತ್ತೊಂಬತ್ತು. ಹಿಂದಿನ ವರ್ಷ ಮೂರೇ ಗೆಲುವು. ಅವನು ಬಂದ ವರ್ಷ ಒಂಬತ್ತು. ನವೆಂಬರ್ 3, ಮಿಸ್ಸೂರಿ ವಿರುದ್ಧ ಆಟ. ಒಂದು ಟಿಕೆಟ್ಟೂ ಉಳಿಯಲಿಲ್ಲ. ಅಂದಿನಿಂದ ಇಂದಿನವರೆಗೆ ಉಳಿದಿಲ್ಲ. ಆ ದಿನ ಸೋತೆವು, ಗೊತ್ತೇ? 16–7.”

ಅರವತ್ತು ವರ್ಷದ ಆ ದಾಖಲೆ ಸೋಲಿನಿಂದ ಶುರುವಾದದ್ದು ಎಂದು ಹನ್ನೊಂದು ವರ್ಷ ಇಲ್ಲಿದ್ದೂ ನನಗೆ ತಿಳಿದಿರಲಿಲ್ಲ. ಕಳೆದ ವರ್ಷ ಉಳಿದ ಟಿಕೆಟ್‌ಗಳನ್ನು ದಾನಿಗಳು ಕೊಂಡು ಮಕ್ಕಳಿಗೆ ಹಂಚಿದ್ದರಿಂದ, ಇದೆಂಥ ದಾಖಲೆ ಎಂದು ಹಂಗಿಸುವವರಿದ್ದಾರೆ. ಆ ಮಕ್ಕಳಲ್ಲಿ ಯಾರಾದರೂ ಒಬ್ಬರು ಅಜ್ಜನಂತೆ ಆದರೆ ಸಾಕಲ್ಲವೇ ಎಂದು ನನಗೆ ಅನ್ನಿಸುತ್ತದೆ.

ಅಲ್ಲಿಗೇ ನಿಲ್ಲಿಸಿ ಎದ್ದು ಬರಬೇಕಿತ್ತು. ಅವ್ವನ ಕಟ್ಟಿಗೆಯ ಮಾತು ನೆನಪಾಗಿ, “ಈ ಸಲವಾದರೂ ಜನ ತಾಳ್ಮೆಯಿಂದ ಇರಬೇಕು, ನಾಲ್ಕು ವರ್ಷ ಯಾರೂ ತುಟಿ ಬಿಚ್ಚಬಾರದು. ಆಸ್ಬೋರ್ನ್ ಅವರನ್ನೇ ನೋಡಿ, 1973ರಲ್ಲಿ ಬಂದವರು, ಮೊದಲ ಪ್ರಶಸ್ತಿ ಗೆದ್ದದ್ದು 1994ರಲ್ಲಿ” ಎಂದೆ. ಓಕ್ಲಹೋಮಾಗೆ ಐದು ವರ್ಷ ಸತತವಾಗಿ ಸೋತಾಗ ಜನ ಅವರನ್ನೂ ಬಿಡಲಿಲ್ಲ, 1978ರಲ್ಲಿ ಅವರು ಕೊಲರಾಡೋಗೆ ಹೋಗಿಬಿಡುವ ಯೋಚನೆಯನ್ನೂ ಮಾಡಿದ್ದರು, ಆಗ ಹೋಗಿದ್ದರೆ ನಮ್ಮ ಗತಿ ಏನಾಗುತ್ತಿತ್ತು ಎಂದೆಲ್ಲ ಹೇಳಿದೆ. ಅವರೇ ನನಗೆ ಕಲಿಸಿದ್ದನ್ನು ಅವರಿಗೇ ಒಪ್ಪಿಸಿದೆ.

ಅಜ್ಜ ಚಮಚ ಕೆಳಗಿಟ್ಟರು. “ಆಸ್ಬೋರ್ನ್ ಪ್ರತಿ ವರ್ಷ ಕನಿಷ್ಠ ಒಂಬತ್ತು ಆಟ ಗೆಲ್ಲುತ್ತಿದ್ದರು. 84ರ ಜನವರಿಯಲ್ಲಿ ಮಯಾಮಿ ವಿರುದ್ಧ ಕೊನೆಯಲ್ಲಿ ಸುಲಭದ ಒಂದು ಅಂಕ ತೆಗೆದುಕೊಂಡು ಸಮ ಮಾಡಿಕೊಂಡಿದ್ದರೂ ಪ್ರಶಸ್ತಿ ನಮ್ಮದಾಗುತ್ತಿತ್ತು. ಗೆಲ್ಲಲೆಂದೇ ಎರಡು ಅಂಕಕ್ಕೆ ಹೋಗಿ, ಅದು ತಪ್ಪಿ, 31–30ಕ್ಕೆ ಸೋತರು. ಮನೆಗೆ ಬಂದು ನನ್ನ ಹೆಂಡತಿ ಅತ್ತಳು, ಆದರೆ ಇಬ್ಬರಿಗೂ ಹೆಮ್ಮೆಯೇ ಆಯಿತು. ಅದು ಗೆಲ್ಲುತ್ತಾ ಕಾದದ್ದು. ಅವರು ಬಂದಾಗ ನನಗೆ ಮೂವತ್ತು, ಪ್ರಶಸ್ತಿ ಬಂದಾಗ ಐವತ್ತೊಂದು. ಕಾಯುವ ವಯಸ್ಸು.”

ಆಮೇಲೆ ಆ ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಟೆಂಪಲ್ ವಿಶ್ವವಿದ್ಯಾಲಯದಲ್ಲಿ ರೂಲ್: ಮೊದಲ ವರ್ಷ ಎರಡು ಗೆಲುವು, ಎರಡನೆಯ ವರ್ಷ ಆರು, ಮೂರನೆಯ ವರ್ಷ ಹತ್ತು. ಬೇಲರ್‌ನಲ್ಲಿ ಒಂದು, ಏಳು, ಹನ್ನೊಂದು. ಕೆಳಗೆ 2023, 2024, 2025. ಪ್ರತಿ ವರ್ಷದ ಪಕ್ಕದಲ್ಲಿ ಇನ್ನೊಂದು ಅಂಕಿ: 80, 81, 82. ಅವು ಅಂಕಗಳೂ ಅಲ್ಲ, ಗೆಲುವುಗಳೂ ಅಲ್ಲ ಎಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

“ನಾಲ್ಕು ವರ್ಷ ಎಂದು ನೀನು ಸುಲಭವಾಗಿ ಹೇಳುತ್ತೀಯ” ಎಂದರು. ಸಿಟ್ಟಿರಲಿಲ್ಲ. “ನೀನು ಹೇಳುವುದು ಸರಿಯೇ. ಬುಡದಿಂದ ಕಟ್ಟಬೇಕು, ಮೊದಲ ವರ್ಷ ಹಾಳಾಗಬೇಕು, ಎಲ್ಲ ಸರಿ. ನನಗೆ ಪ್ರಶಸ್ತಿ ಬೇಡ. ಋತು ಮುಗಿದ ಮೇಲೆ ಗೆದ್ದ ತಂಡಗಳು ಆಡುವ ಬೌಲ್ ಆಟ ಒಂದನ್ನು ನೋಡಬೇಕು. 2016ರ ನಂತರ ನಾವು ಒಂದಕ್ಕೂ ಹೋಗಿಲ್ಲ. ಅದಕ್ಕೆ ಬೇಕಾದದ್ದು ಆರು ಗೆಲುವು. ಅಷ್ಟು ಕೇಳುವುದು ಅವಸರವೇ?”

ನಾನು ಏನೂ ಹೇಳಲಿಲ್ಲ. ನನ್ನ ತಾಳ್ಮೆಯನ್ನು ಇನ್ನೊಬ್ಬರ ವರ್ಷಗಳಿಂದ ಖರ್ಚು ಮಾಡುತ್ತಿದ್ದೆ ಎಂದು ಅನ್ನಿಸಿ ಮುಖ ಬಿಸಿಯಾಯಿತು. ಈಗಲೂ ನಾಲ್ಕು ವರ್ಷ ಕೊಡಬೇಕೆಂದೇ ನನ್ನ ಅಭಿಪ್ರಾಯ. ಅವಸರದಿಂದಲೇ ಇಷ್ಟೆಲ್ಲ ಕೆಟ್ಟದ್ದು. ಆದರೆ ಮುಂದಿನ ಸೆಪ್ಟೆಂಬರಿನಲ್ಲಿ ಎರಡು ಆಟ ಸೋತ ಕೂಡಲೇ ಯಾರಾದರೂ ಕೂಗಾಡಿದರೆ, ಅವರಿಗೆ ವಯಸ್ಸೆಷ್ಟು ಎಂದು ಮೊದಲು ಕೇಳುತ್ತೇನೆ.

2018 ನೆನಪಾಗುತ್ತಿದೆ. ಫ್ರಾಸ್ಟ್ ಅವರ ಮೊದಲ ಆಟ. ಅಜ್ಜ ತಮ್ಮ ಟಿಕೆಟ್ ನನಗೆ ಕೊಟ್ಟು, “ಈ ದಿನ ನೀನು ನೋಡಬೇಕು” ಎಂದು ಅಜ್ಜಿಯ ಜೊತೆ ಕಳಿಸಿದ್ದರು. ಸುಮಾರು 90 ಸಾವಿರ ಜನ, ಎಲ್ಲ ಕೆಂಪು. ಚೆಂಡು ಒದ್ದರು, ಸಿಡಿಲು ಬಂತು. ಮೆಟ್ಟಿಲ ಕೆಳಗೆ ಗಂಟೆಗಟ್ಟಲೆ ನಿಂತು ರುಂಜಾ ತಿಂದೆವು. ಎಲೆಕೋಸು ತುಂಬಿದ ಆ ರೊಟ್ಟಿಯನ್ನು ಅಜ್ಜಿ ಮುರಿದು ದೊಡ್ಡ ತುಂಡು ನನಗೆ ಕೊಟ್ಟರು. ಕೊನೆಗೆ ಆಟ ರದ್ದಾಯಿತು. ತೊಯ್ದು ತೊಪ್ಪೆಯಾಗಿ ನಡೆದು ಬರುವಾಗ ಅಜ್ಜಿ, “ಇನ್ನೇನು ಬಿಡು, ಮುಂದಿನ ವಾರ” ಎಂದಿದ್ದರು. ಎಷ್ಟು ನಿಶ್ಚಿಂತೆಯಿಂದ ಹೇಳಿದ್ದರು.

ಈ ವರ್ಷ ಅವರ ಜಾಗದಲ್ಲಿ ಅಜ್ಜ ತಮ್ಮ ಜಾಕೆಟ್ ಇಡುತ್ತಿದ್ದರಂತೆ. ಟಿಕೆಟ್ ಮಾರಾಟವಾಗಿದೆ, ಲೆಕ್ಕಕ್ಕೂ ಸೇರಿದೆ, ಕುಳಿತವರಿಲ್ಲ.

ನಾನು ಹೊರಡುವಾಗ ಬಾಗಿಲವರೆಗೆ ಬಂದು, ಬರುವ ವರ್ಷ ಎರಡೂ ಟಿಕೆಟ್ ಬಿಟ್ಟುಬಿಡೋಣವೆಂದು ಇದ್ದೇನೆ ಎಂದರು. ಮೆಟ್ಟಿಲು ಹತ್ತಲು ಮಂಡಿ ಬಿಡುತ್ತಿಲ್ಲ. ಸ್ವಲ್ಪ ತಡೆದು, “ಇಲ್ಲವಾದರೆ ಒಂದನ್ನು ನೀನು ಇಟ್ಟುಕೊಳ್ಳುತ್ತೀಯಾ?” ಎಂದು ಕೇಳಿದರು. ಇಟ್ಟುಕೊಂಡರೆ ಪಕ್ಕದ ಜಾಗಕ್ಕೆ ಅವರೂ ಬರುತ್ತಾರೆ ಎಂದೇ ಅದರ ಅರ್ಥವಿರಬೇಕು. ನಾನು ಇವರನ್ನು ಕೇಳಿ ಹೇಳುತ್ತೇನೆ ಎಂದು ಬಂದುಬಿಟ್ಟೆ. ಏಕೆ ಹಾಗೆಂದೆನೋ. ಇವರು ಬೇಡವೆನ್ನುವವರಲ್ಲ.

ಮಗಳ ಅಭ್ಯಾಸ ಶನಿವಾರ ಬೆಳಗ್ಗೆ ಇರುತ್ತದೆ. ಮಧ್ಯಾಹ್ನದ ಆಟವಾದರೆ ತೊಂದರೆಯಿಲ್ಲ, ಅವಳನ್ನು ಬಿಟ್ಟು ನೇರವಾಗಿ ಹೋಗಬಹುದು. ರಾತ್ರಿಯ ಆಟವಾದರೆ ನವೆಂಬರಿನಲ್ಲಿ ಚಳಿ, ಅಷ್ಟು ಮೆಟ್ಟಿಲು ಇಳಿಯುವಾಗ ಅವರ ಒಂದು ಕಡೆ ನಾನಿದ್ದರೆ, ಇನ್ನೊಂದು ಕಡೆಗೆ ಹಿಡಿಯಲು ಕಂಬಿ ಇದೆಯೇ ಎಂದು ನಾಳೆ