ಲಿಂಕ್‌ಹಾರ್ನ್ ಅಂದ್ರೆ ಯಾರಪ್ಪಾ?

ಮಗಳ ಮನೆ ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ. ಮೂವತ್ತು ವರ್ಷ ಗ್ರಾಮ ಲೆಕ್ಕಿಗನಾಗಿದ್ದವನಿಗೆ ಅಲ್ಲೂ ಹಳೇ ಜಮೀನಿನ ಕಾಗದ ಕೆದಕುವ ಚಟ ಬಿಡಲಿಲ್ಲ. ಹುಡುಕಿದ್ದು ಅಧ್ಯಕ್ಷ ಲಿಂಕನ್ನರ ಅಜ್ಜನನ್ನು. ಅವನ ಹೆಸರೂ ಅಬ್ರಹಾಂ.

1780ರಲ್ಲಿ ಅವನಿಗೆ 400 ಎಕರೆಯ ಹಕ್ಕುಪತ್ರ ಸಿಕ್ಕಿತ್ತು. ಆದರೆ ಗುಮಾಸ್ತ ಕಿವಿಗೆ ಕೇಳಿದಂತೆ ಬರೆದದ್ದು 'ಲಿಂಕ್‌ಹಾರ್ನ್'! ನಗು ಬಂತು. ನಮ್ಮ ಪಹಣಿಗಳಲ್ಲಿ ತಿಮ್ಮಯ್ಯ ತಿಮ್ಮಪ್ಪನಾಗಿ ಎಷ್ಟು ಮನೆ ಅಲೆದಾಡಿಲ್ಲ?

ಆಗಿನ ಅಳತೆ ಪೋಲ್‌ಗಳಲ್ಲಿ. ಒಂದು ಪೋಲ್ ಅಂದರೆ ಹದಿನಾರೂವರೆ ಅಡಿ. ಮೂಲೆಗಳಿಗೆ ಗುರುತು ಮರಗಳು. ಬಾಂದು ಕಲ್ಲನ್ನೇ ರಾತ್ರೋರಾತ್ರಿ ಸರಿಸುವವರನ್ನು ಕಂಡ ನನಗೆ, ಮರ ಬಿದ್ದರೆ ಗತಿಯೇನು ಅನ್ನಿಸಿತು.

1786ರ ಮೇನಲ್ಲಿ ಹೊಲದಲ್ಲಿ ಕೆಲಸ ಮಾಡುತ್ತಿದ್ದ ಅಜ್ಜನನ್ನು ಮೂಲನಿವಾಸಿಗಳ ಗುಂಡು ಕೊಂದಿತು. ಉಯಿಲು ಬರೆದಿರಲಿಲ್ಲ. ಕೋರ್ಟಿನ ಆಸ್ತಿಪಟ್ಟಿಯಲ್ಲಿ ಕುದುರೆ, ಹಸು, ಬಂದೂಕು, ಗರಿಯ ಹಾಸಿಗೆ, ಎಲ್ಲಕ್ಕೂ ಬೆಲೆ ಕಟ್ಟಿದ್ದಾರೆ.

ಕೆಂಟಕಿ ಆಗಿನ್ನೂ ವರ್ಜೀನಿಯಾದ ಭಾಗ. ಅಲ್ಲಿನ ಕಾನೂನಿನಂತೆ ಉಯಿಲಿಲ್ಲದಿದ್ದರೆ ಜಮೀನೆಲ್ಲ ಹಿರಿಮಗನಿಗೆ, ಅಂದರೆ ಮೊರ್ಡೆಕೈಗೆ. ಮಕ್ಕಳಿಗೆಲ್ಲ ಸಮಪಾಲು ಕೊಡುವ ಹೊಸ ಕಾನೂನು ಜಾರಿಗೆ ಬಂದದ್ದು 1787ರ ಜನವರಿ 1ಕ್ಕೆ. ಅಜ್ಜ ಸತ್ತ ಎಂಟೇ ತಿಂಗಳಿಗೆ! ಕಿರಿಮಗ ಥಾಮಸ್‌ಗೆ ಒಂದು ಗುಂಟೆಯೂ ಬರಲಿಲ್ಲ. ಕೂಲಿ ಮಾಡುತ್ತ ಊರೂರು ಅಲೆದು ಬೆಳೆದ. ಅವನ ಮಗನೇ ಅಧ್ಯಕ್ಷ.

"ಅಪ್ಪಾ, ಊಟಕ್ಕೆ ಬನ್ನಿ" ಅಂತ ಮಗಳು ಮೂರು ಸಲ ಕರೆದಿದ್ದಳಂತೆ.